ಆರು ದೆವ್ವಗಳ ಟೈಮ್‌ಟೇಬಲ್

ನಿವೃತ್ತನಾಗಿ ನಾಲ್ಕು ತಿಂಗಳಾಗಿತ್ತು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಅದರಲ್ಲಿ ಇಪ್ಪತ್ತು ವರ್ಷ ಇಡೀ ಶಾಲೆಯ ಟೈಮ್‌ಟೇಬಲ್ ಹಾಕಿದವನು ನಾನು. ಬೆಳಿಗ್ಗೆ ಎದ್ದರೆ ಮುಂದೆ ಒಂದು ಪೀರಿಯಡ್ಡೂ ಇಲ್ಲವೆಂದರೆ ಕೈ ತುರಿಸುತ್ತದೆ. ಹೆಂಡತಿಯ ಅಡುಗೆಗೆ ಟೈಮ್‌ಟೇಬಲ್ ಹಾಕಿಕೊಡಲು ಹೋಗಿ ಬೈಸಿಕೊಂಡೆ. ನಲ್ಲಿಯಲ್ಲಿ ನೀರು ಬರಬೇಕಾದ ಹೊತ್ತನ್ನು ಬರೆದು ಬಚ್ಚಲಿನ ಗೋಡೆಗೆ ಅಂಟಿಸಿದೆ. ಕೊಳ್ಳೇಗಾಲದ ನೀರು ಅದನ್ನು ಓದಲಿಲ್ಲ. ಹೀಗಿರುವಾಗ ಡಿಗ್ರಿ ಓದುತ್ತಿರುವ ಮಗಳು ಒಂದು ದಿನ ಬಂದು ಎದುರಿಗೆ ಕೂತಳು.

"ಅಪ್ಪ, ಮೂವತ್ತೊಂದನೇ ತಾರೀಕು ಹಾಲೋವೀನ್. ಫ್ರೆಂಡ್ಸ್ ಇಬ್ಬರು ಬರ್ತಾರೆ. ಬೆಳಿಗ್ಗೆಯಿಂದ ಸಾಯಂಕಾಲದ ತನಕ ಬರೀ ಹಾರರ್ ಸಿನಿಮಾ ನೋಡ್ತೀವಿ. ಹಾಲ್ ನಮಗೆ ಬಿಟ್ಟುಕೊಡ್ಬೇಕು."

ಹಾಲೋವೀನ್ ಎಂದರೇನೆಂದು ಅವಳೇ ವಿವರಿಸಿದಳು. ಆ ದಿನ ಸತ್ತವರು ಮನೆಕಡೆ ಬರುತ್ತಾರಂತೆ. ಇದು ನಮ್ಮ ಪಿತೃಪಕ್ಷವೇ ಆಯಿತಲ್ಲ ಎಂದೆ. ಹೌದು, ಆದರೆ ಅವರು ಎಡೆ ಇಡುವುದಿಲ್ಲ, ವೇಷ ಹಾಕುತ್ತಾರೆ ಎಂದಳು. ಅಷ್ಟು ದೂರದಿಂದ ಬರುವ ಹಿರಿಯರಿಗೆ ಊಟ ಹಾಕದೆ ಹೆದರಿಸಿ ಕಳಿಸುವುದು ನನಗೆ ಸರಿಕಾಣಲಿಲ್ಲ. ಆದರೆ "ಬೆಳಿಗ್ಗೆಯಿಂದ ಸಾಯಂಕಾಲದ ತನಕ" ಎಂಬ ಮಾತು ಕಿವಿಯಲ್ಲಿ ಉಳಿಯಿತು. ಅಂದರೆ ಪೀರಿಯಡ್ಡುಗಳು. ಅಂದರೆ ಟೈಮ್‌ಟೇಬಲ್!

"ಹಾಲ್ ಬಿಟ್ಟುಕೊಡ್ತೀನಿ. ಆದರೆ ಪ್ಲಾನೆಲ್ಲ ನನ್ನದು" ಎಂದೆ. ಮಗಳು ತಲೆ ಚಚ್ಚಿಕೊಂಡು ಒಪ್ಪಿದಳು.

ಡ್ರಾಯಿಂಗ್ ಹಾಳೆ ತಂದು, ಸ್ಕೇಲಿಟ್ಟು ಗೆರೆ ಎಳೆದೆ. ಬೆಳಿಗ್ಗೆ ಎಂಟಕ್ಕೆ ಆರಂಭ, ಸಂಜೆ ಆರಕ್ಕೆ ಮುಕ್ತಾಯ. ಆರಕ್ಕೆ ಏಕೆಂದರೆ ನನ್ನ ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು: "ಶುಕ್ರವಾರ ಅದು. ದೀಪ ಹಚ್ಚೋ ಹೊತ್ತಿಗೆ ನಿಮ್ಮ ದೆವ್ವಗಳೆಲ್ಲ ಮನೆ ಖಾಲಿ ಮಾಡಿರಬೇಕು." ದೇವರಿಗೆ ಕಾಣಿಸಬಾರದೆಂದು ದೇವರಮನೆಯ ಬಾಗಿಲಿಗೆ ದಪ್ಪನೆಯ ಪರದೆಯನ್ನೂ ಅವಳೇ ಕಟ್ಟಿದಳು. ಹತ್ತು ಗಂಟೆಯಲ್ಲಿ ಆರು ಸಿನಿಮಾ ಹಿಡಿಯಬೇಕು. ಲೆಕ್ಕ ಹಾಕಿದರೆ ಹಿಡಿಯುವುದಿಲ್ಲ. ಹಾಡುಗಳನ್ನು ಓಡಿಸಿದರೆ ಹಿಡಿಯುತ್ತದೆ. ದೆವ್ವದ ಸಿನಿಮಾದಲ್ಲಿ ಹಾಡು ಯಾಕೆ ಬೇಕು ಎಂದು ನಾನು ಹಿಂದಿನಿಂದಲೂ ಕೇಳುತ್ತಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ. ಒಂದು ಕನ್ನಡ, ಒಂದು ತಮಿಳು, ಒಂದು ಮಲಯಾಳ, ಒಂದು ಹಿಂದಿ, ಒಂದು ಇಂಗ್ಲಿಷು. ಆರನೆಯದು ಕಪ್ಪು ಬಿಳುಪಿನ ಹಳೆಯ ಕನ್ನಡ ಚಿತ್ರ. ಅದನ್ನು ಹುಡುಕಿ ಹಾಕಿದ್ದು ನಾನೇ. ಹಾಳೆಯ ಕೆಳಗೆ ಒಂದು ನಿಯಮವನ್ನೂ ಬರೆದೆ: ಕಿರುಚಿದವರು ಎಲ್ಲರಿಗೂ ಕಾಫಿ ಮಾಡಿಕೊಡತಕ್ಕದ್ದು.

ಹೆಂಡತಿ ಅದನ್ನು ಓದಿ, "ಸರಿ, ಹಾಗಾದರೆ ಇಡೀ ದಿನ ನೀವು ಅಡುಗೆಮನೇಲೇ ಇರ್ತೀರಿ" ಎಂದಳು.

ಇದು ಸುಳ್ಳು ಆಪಾದನೆ ಎಂದು ಬರೆಯುವ ಆಸೆ ಇದೆ. ಆದರೆ ನನಗೆ ದೆವ್ವದ ಸಿನಿಮಾ ಎಂದರೆ ಮೊದಲಿನಿಂದಲೂ ಭಯ. ಮಗಳಿಗೆ ಮಾತ್ರ ಇದು ಗೊತ್ತಿರಲಿಲ್ಲ, ಗೊತ್ತಾಗಲು ಬಿಟ್ಟಿರಲಿಲ್ಲ. ಹನೂರಿನ ಟೆಂಟಿನಲ್ಲಿ ಎಂಟನೇ ವಯಸ್ಸಿಗೇ ದೆವ್ವದ ಚಿತ್ರವನ್ನು ಕಣ್ಣು ಮಿಟುಕಿಸದೆ ನೋಡಿದೆ, ಪಕ್ಕದಲ್ಲಿ ನನ್ನಕ್ಕ ಹೆದರಿ ನನ್ನ ಅಂಗಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು ಎಂದು ಮಗಳು ಚಿಕ್ಕವಳಿದ್ದಾಗಿಂದ ಹೇಳಿಕೊಂಡು ಬಂದಿದ್ದೆ. ಈಗ ಆ ಹೆಸರು ಉಳಿಸಿಕೊಳ್ಳಬೇಕಲ್ಲ. ಪಾಠ ಮಾಡುವ ಮೊದಲು ಮೇಷ್ಟ್ರು ಓದಿಕೊಂಡು ಹೋಗುವುದಿಲ್ಲವೇ, ಹಾಗೆ ದಿನಕ್ಕೊಂದರಂತೆ ಐದೂ ಸಿನಿಮಾಗಳನ್ನು ಮೊದಲೇ ನೋಡಿಕೊಂಡೆ. ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿಗಳನ್ನೆಲ್ಲ ತೆರೆದು, ಹೆಂಡತಿ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿರುವಾಗ, ಟಿವಿಯ ದನಿ ಪೂರ್ತಿ ತೆಗೆದು. ದನಿ ತೆಗೆದರೆ ದೆವ್ವ ಏನೂ ಮಾಡುವುದಿಲ್ಲ. ಬಾಯಿ ಬಿಡುತ್ತದೆ, ಅಷ್ಟೇ. ಎಲ್ಲೆಲ್ಲಿ ಬಾಯಿ ಬಿಡುತ್ತದೆ ಎಂದು ನಿಮಿಷದ ಸಮೇತ ಗುರುತು ಹಾಕಿಕೊಂಡೆ. ಆರನೆಯದನ್ನು ಮಾತ್ರ ದನಿ ತೆಗೆದೂ ನೋಡಲಿಲ್ಲ, ಏಕೆಂದರೆ ಅದು ಹನೂರಿನ ಟೆಂಟಿನ ಅದೇ ಸಿನಿಮಾ.

ಅಕ್ಕನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನಗಿಂತ ಐದು ವರ್ಷ ದೊಡ್ಡವಳು, ಹನೂರಿನ ಹತ್ತಿರದ ಶಾಗ್ಯಕ್ಕೆ ಕೊಟ್ಟಿದ್ದಾರೆ. ನಮ್ಮಿಬ್ಬರ ಪಾಲಿನ ಧೈರ್ಯವನ್ನೆಲ್ಲ ಅವಳೊಬ್ಬಳೇ ತೆಗೆದುಕೊಂಡು ಹುಟ್ಟಿದ್ದಳು. ಹನೂರಿಗೆ ಆ ಚಿತ್ರ ಬಂದಾಗ ಅಪ್ಪ ಕಳಿಸುವುದಿಲ್ಲ ಎಂದರು. ಮಾರನೆಯ ದಿನವೇ ಅಕ್ಕನಿಗೆ ದೆವ್ವ ಹಿಡಿಯಿತು. ಕೂದಲು ಬಿಚ್ಚಿ, ಕಣ್ಣು ಮೇಲೆ ಮಾಡಿ, ಗಂಡು ದನಿಯಲ್ಲಿ ಹೂಂಕರಿಸಿದಳು. ಏನು ಬೇಕು ಎಂದು ಅಪ್ಪ ಕೈಮುಗಿದು ಕೇಳಿದರೆ ಆ ದೆವ್ವ ಕೋಳಿ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಇವ್ಳನ್ನೂ ಇವ್ಳ ತಮ್ಮನ್ನೂ ಟೆಂಟ್‌ಗೆ ಕಳ್ಸು. ಸಿನ್ಮಾ ನೋಡ್ಕಂಡು ಅಂಗೇ ಒಂಟೋಯ್ತೀನಿ" ಎಂದಿತು. ಅಪ್ಪ ಕಳಿಸಿದರು. ಅಲ್ಲಿ ಯಾರು ಯಾರ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡರು ಎಂಬುದನ್ನು ಓದುವವರು ಈಗ ಊಹಿಸಬಹುದು.

ಎರಡು ವರ್ಷದ ಹಿಂದೆ ಅಕ್ಕನ ಮೊಮ್ಮಗನ ನಾಮಕರಣದಲ್ಲಿ ಈ ದೆವ್ವದ ಕತೆಯನ್ನು ಅವಳ ಬೀಗರ ಎದುರಿಗೆ ಹೇಳಿಬಿಟ್ಟೆ. ಎಲೆ ಮುಂದೆ ಕೂತವರೆಲ್ಲ ನಕ್ಕರು. ಬೀಗಿತ್ತಿ ಮಾತ್ರ ನಗಲಿಲ್ಲ. "ಓ, ಅದ್ಕೇಯಾ ಮಗೀಗೆ ನಿದ್ದೆ ಬರ್ದಿರಾದು" ಎಂದು ಮಾರನೆಯ ದಿನವೇ ಮಗುವಿಗೆ ತಾಯಿತ ಕಟ್ಟಿಸಿಕೊಂಡು ಬಂದರು. ಅಕ್ಕ ಫೋನು ಮಾಡಿದಳು. "ನಮ್ ಮನ್ತನಕ್ಕೇ ದೆವ್ವ ಅಂಟಿಸ್ಬುಟ್ಟಲ್ಲೋ! ನೀನ್ ಸತ್ರೂ ನಿನ್ ಮನೆ ಒಸ್ಲು ತುಳಿಯಾಕಿಲ್ಲ, ಓಗು" ಎಂದಳು. ತಪ್ಪಾಯಿತು ಎಂದು ಒಂದು ಮಾತು ಹೇಳಬಹುದಿತ್ತು. ನಾನು ಮೇಷ್ಟ್ರು. "ಬರಬೇಡ ಹೋಗು" ಎಂದೆ. ಸಿಟ್ಟಿನಲ್ಲೂ ಹಕಾರ ಬಿಡಲಿಲ್ಲ.

ಅಂದಿನಿಂದ ಮಾತಿಲ್ಲ. ಎರಡು ಯುಗಾದಿಗೆ ಅವಳು ಬರಲಿಲ್ಲ, ಎರಡು ಗೌರಿ ಹಬ್ಬಕ್ಕೆ ನಾನು ಬಾಗಿನ ತೆಗೆದುಕೊಂಡು ಹೋಗಲಿಲ್ಲ. ಎರಡನೆಯ ಗೌರಿ ಹಬ್ಬದಲ್ಲಿ ಮೊರ ತಂದಿಟ್ಟುಕೊಂಡು, ಹನೂರಿನ ತನಕ ಬಸ್ಸಿನಲ್ಲಿ ಹೋಗಿ, ಶಾಗ್ಯದ ಬಸ್ಸು ಹತ್ತದೆ ವಾಪಸ್ಸು ಬಂದೆ. ಮನೆಯಲ್ಲಿ ಬಸ್ಸು ಸಿಗಲಿಲ್ಲ ಎಂದೆ. ನನಗೆ ಅವಳು ಬೇಕಿತ್ತು, ಕರೆಯಲು ಬಾಯಿ ಬರುತ್ತಿರಲಿಲ್ಲ. ಇದೇ ನಿಜ.

ಹಾಲಿನಲ್ಲಿ ಕೂರಲು ದಿಂಬುಗಳನ್ನು ಜೋಡಿಸುತ್ತಿದ್ದಾಗ ಮಗಳು ಎಣಿಸಿದಳು. "ನಾವು ಮೂರು ಜನ, ನೀನು, ಅಮ್ಮ. ಆರನೇ ದಿಂಬು ಯಾರಿಗಪ್ಪ?"

"ದೆವ್ವಕ್ಕೆ" ಎಂದೆ.

ಅವಳು ಟೈಮ್‌ಟೇಬಲ್ಲಿನ ಆರನೇ ಪೀರಿಯಡ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಆ ದಿಂಬನ್ನು ನನ್ನ ದಿಂಬಿನ ಪಕ್ಕಕ್ಕೆ ಸರಿಸಿಟ್ಟಳು.

ಗುರುವಾರ ಸಂಜೆ ಅವಳನ್ನು ಸಾಮಾನಿಗೆ ಕಳಿಸಿದೆ. ಎರಡು ಸಾಮಾನು. ಒಂದು, ಐದು ಗಜ ಬಿಳಿ ಬಟ್ಟೆ. ಗೆಳತಿಯರು ಬಾಗಿಲು ದಾಟಿದ ಕೂಡಲೇ ಹಾಲಿನಲ್ಲಿ ಒಂದು ಹೆಣ ಮಲಗಿರಬೇಕು, ಅವರು ಹತ್ತಿರ ಬಂದಾಗ ಅದು ಕಾಲು ಹಿಡಿಯಬೇಕು ಎಂಬುದು ಮಗಳ ಯೋಜನೆ. ಹೆಣದ ಪಾತ್ರ ನಾನೇ ವಹಿಸಿಕೊಂಡೆ. ಹೆಣಕ್ಕೆ ಕಣ್ಣು ಮುಚ್ಚಿಕೊಂಡಿರುವ ಸೌಕರ್ಯವಿದೆ. ಇನ್ನೊಂದು, ಒಂದು ದೊಡ್ಡ ಚೀಲ ಪುರಿ. ಸಿನಿಮಾ ನೋಡುತ್ತಾ ತಿನ್ನಲು ಪಾಪ್‌ಕಾರ್ನ್ ಬೇಕು ಎಂದಿದ್ದಳು. ಖಾರ ಹಾಕಿದ ಪುರಿಗಿಂತ ಅದರಲ್ಲಿ ಹೆಚ್ಚಿನದೇನಿದೆ ಎಂದು ನಾನು ತಿದ್ದಿದ್ದೆ.

ವಾಪಸ್ಸು ಬಂದವಳು ಖುಷಿಯಲ್ಲಿದ್ದಳು. "ಅಪ್ಪ, ಬೈಬೇಡ. ಬಸ್ ಸ್ಟ್ಯಾಂಡಲ್ಲಿ ಅತ್ತೆ ಪಕ್ಕದ ಮನೆಯವರು ಸಿಕ್ಕಿದ್ರು, ಬಸ್ಸಲ್ಲಿ ಕೂತಿದ್ರು. ಕಿಟಕಿ ಹತ್ರ ಹೋಗಿ, ನಾಳೆ ಬೆಳಿಗ್ಗೆ ಎಂಟಕ್ಕೆ ನಮ್ಮನೇಲಿ ಹಾಲೋವೀನ್ ಇದೆ, ಅತ್ತೆ ಬರಲೇಬೇಕು ಅಂತ ಹೇಳಿಬಿಟ್ಟೆ. ‘ಯಾರ್ದವ್ವಾ?’ ಅಂದ್ರು. ಎಲ್ಲಾ ಅಪ್ಪಂದೇ ಅಂದೆ."

ಯೋಜನೆಯ ಕೀರ್ತಿ ನನಗೆ ಸಂದದ್ದು ಹಿತವಾಯಿತು. "ಇನ್ನೇನು ಹೇಳಿದೆ?"

"ಅಪ್ಪ ಇನ್ನು ಬಾಯಿಬಿಟ್ಟು ಕರೆಯೋದಿಲ್ಲ, ನೀವೇ ಹೇಳಿ ಅಂದೆ. ಪಾಪ, ನನ್ನ ಕೈಲಿದ್ದ ಬಟ್ಟೆ ನೋಡಿದ್ರು, ಪುರಿ ನೋಡಿದ್ರು, ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ರು. ಅಷ್ಟರಲ್ಲಿ ಬಸ್ ಹೊರಟಿತು."

ನಮ್ಮ ಅಕ್ಕ ತಮ್ಮಂದಿರ ಜಗಳಕ್ಕೆ ಪಕ್ಕದ ಮನೆಯವರು ಇಷ್ಟು ನೊಂದಿದ್ದಾರಲ್ಲ ಎಂದುಕೊಂಡೆ. ಮಗಳಿಗೆ ಬೈಯಲಿಲ್ಲ. ಆದರೆ ನಿನ್ನತ್ತೆ ಬರುವುದಿಲ್ಲ ಎಂದೆ. ಅಕ್ಕ ಆಡಿದ ಮಾತು ತಪ್ಪಿದವಳಲ್ಲ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಎಲ್ಲವೂ ಸಿದ್ಧ. ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಹಾಲನ್ನು ಕತ್ತಲು ಮಾಡಿದ್ದೆವು. ಹೆಂಡತಿ ಪರದೆಯ ಹಿಂದೆ ಪೂಜೆಗೆ ಕೂತಿದ್ದಳು. ಹೆಣದ ವಿಷಯ ಅವಳಿಗೆ ಹೇಳಿರಲಿಲ್ಲ, ಹೇಳಿದ್ದರೆ ಶುಕ್ರವಾರ ಅದು ನಡೆಯುತ್ತಿರಲಿಲ್ಲ. ಕಾಫಿ ಕುಡಿದು, ಮುಖಕ್ಕೆ ಪೌಡರ್ ಬಳಿದುಕೊಂಡು, ಮೂಗಿಗೆ ಹತ್ತಿ ಇಟ್ಟುಕೊಂಡು ಹೊಸಲಿನಿಂದ ನಾಲ್ಕು ಹೆಜ್ಜೆ ಒಳಗೆ ಚಾಪೆಯ ಮೇಲೆ ಮಲಗಿದೆ. ಮಗಳು ಮುಖದ ಮೇಲೂ ಬಿಳಿ ಬಟ್ಟೆ ಹೊದಿಸಿ, ಒಂದು ಚೆಂಡುಹೂವಿನ ಹಾರ ಹಾಕಿ, ತಲೆದೆಸೆಯಲ್ಲಿ ದೀಪ ಹಚ್ಚಿ, ಮುಂಬಾಗಿಲನ್ನು ಅರ್ಧ ತೆರೆದು, ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಕೋಣೆಯ ಬಾಗಿಲ ಹಿಂದೆ ನಿಂತಳು. ಯಳಂದೂರಿನ ಗೆಳತಿಯ ಬಸ್ಸು ತಡ. ಕುಂತೂರಿನವಳು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿದ್ದಳಂತೆ. ನಾನು ಕಾದೆ. ಹೆಣವಾಗಿ ಕಾಯುವುದು ಬೇಸರದ ಕೆಲಸ.

ಎಂಟಕ್ಕೆ ಸ್ವಲ್ಪ ಮುಂಚೆ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಬಾಗಿಲು ಕಿರುಗುಟ್ಟಿತು. ಬರಿಗಾಲಿನ ಹೆಜ್ಜೆ ಹೊಸಲು ದಾಟಿತು. ಕಾಲು ಹಿಡಿಯಲು ಕೈ ಸಿದ್ಧ ಮಾಡಿಕೊಂಡೆ. ಆದರೆ ಆ ಕಾಲುಗಳು ನನ್ನ ಕೈಯಳತೆಗೆ ಬರದೆ ತಲೆಯ ಕಡೆ ಬಂದವು. ಯಾರೋ ದೊಪ್ಪನೆ ಕುಸಿದು ಕೂತರು. ಯಾವುದೋ ಪಾತ್ರೆಯನ್ನು ನೆಲದ ಮೇಲೆ ಇಟ್ಟ ಸದ್ದು. ಆಮೇಲೆ ಆ ದನಿ ಎದ್ದಿತು.

"ಅಯ್ಯೋ ನನ್ ತಮ್ಮಯ್ಯಾ... ನನ್ ಒಡುಟ್ಟಿದೋನೇ... ಇನ್ನೂ ಮಣ್ ಮಾಡಿಲ್ವಲ್ಲೋ, ನಿನ್ ಮಖ ಒಂದ್ ಕಿತ ಸಿಕ್ತದಲ್ಲೋ ನಂಗೆ..."

ಅಕ್ಕ. ರಾಗವೆತ್ತಿ ಅಳುತ್ತಿದ್ದಳು, ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುವ ಹಾಗೆ. ತಟ್ಟನೆ ಎದ್ದು ಕೂರಬೇಕಾಗಿತ್ತು. ಏಕೆ ಏಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಎದ್ದರೆ ಅವಳ ಎದೆ ಒಡೆದೀತೆಂದು ಹೆದರಿದೆ ಎಂದು ಹೇಳಿಕೊಂಡೆ. ನಿಜವೆಂದರೆ ಎರಡು ವರ್ಷದ ಮೇಲೆ ಅವಳ ದನಿ ಕೇಳುತ್ತಿದ್ದೆ. ಅದು ನಿಲ್ಲುವುದು ನನಗೆ ಬೇಡವಾಗಿತ್ತು.

"ಬ್ಯಾಟ್ರಿ ಇಲ್ದೆ ಇತ್ಲುಗೂ ಓಗ್ದೋನು, ಒಬ್ನೇ ಎಂಗೋದ್ಯೋ ತಮ್ಮಯ್ಯಾ... ಟೆಂಟ್‌ನಾಗೆ ದೆವ್ವ ಬಂದಾಗ ನನ್ ಸೆರಗ್ನಾಗೆ ಮಖ ಮುಚ್ಕಂಡು ಉಚ್ಚೆ ಉಯ್ಕಂಡ್ಯಲ್ಲೋ... ಈಗ ಯಾರ್ ಸೆರಗ್ ಇಡ್ಕಂಡ್ಯೋ..."

ಕೋಣೆಯ ಬಾಗಿಲ ಹಿಂದೆ ವಿಡಿಯೋ ನಡೆಯುತ್ತಿತ್ತು ಎಂಬುದು ನನಗೆ ನೆನಪಿತ್ತು. ಮಾನ ಹೋಗುತ್ತಿತ್ತು, ಹೋಗಲಿ ಎಂದು ಮಲಗಿದ್ದೆ.

"ನನ್ ಬಾಯ್ಗೆ ಮಣ್ಣಾಕ, ಸತ್ರೂ ಬರಾಕಿಲ್ಲ ಅಂದ್ನಲ್ಲೋ... ಅದ್ನ ನೀ ದಿಟ ಅನ್ಕಂಬುಟ್ಟಲ್ಲೋ, ದಡ್ ನನ್ ತಮ್ಮಯ್ಯಾ... ಗೌರಿ ಅಬ್ಬಕ್ಕೆ ದಾರಿ ಕಾದ್ನಲ್ಲೋ... ಅನೂರ್ ಗಂಟ ಬಂದು ವಾಪಸ್ ಓದ್ನಂತೆ ಅಂತ ಅವ್ರಿವ್ರು ಅಂದಾಗ ನಾನೇ ಎದ್ದು ಓಡ್ಬರ್ಬಾರ್ದಿತ್ತಾ..."

ಬಟ್ಟೆಯೊಳಗೆ ನಾನೂ ಅಳುತ್ತಿದ್ದೆ. ಪೌಡರೆಲ್ಲ ಕಿವಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಪರದೆ ಸರಿಸಿಕೊಂಡು ನನ್ನ ಹೆಂಡತಿ ಗಂಟೆಯ ಸಮೇತ ಓಡಿಬಂದಳು. ಹೆಣ ನೋಡಿದಳು, ಹೆಣದ ಮುಂದೆ ಅಳುತ್ತಿರುವ ಅಕ್ಕನನ್ನು ನೋಡಿದಳು. "ಅಯ್ಯೋ ದೇವರೇ! ಈಗ ಹತ್ತು ನಿಮಿಷದ ಹಿಂದೆ ಕಾಫಿ ಕುಡಿದ್ರಲ್ಲ!" ಎಂದು ಗಂಟೆ ಬಿಸಾಕಿ ನನ್ನ ಕಾಲಮೇಲೆ ಬಿದ್ದಳು.

ಇನ್ನು ಮಲಗಿದ್ದರೆ ನಿಜವಾಗಿಯೂ ಮಣ್ಣು ಮಾಡುತ್ತಾರೆ ಎನಿಸಿತು. ಎದ್ದು ಕೂತೆ.

ಅಕ್ಕ ಕಿರುಚಿದಳು. ನನ್ನ ಅರವತ್ತು ವರ್ಷದಲ್ಲಿ ಅವಳು ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ನನ್ನ ಮೂಗಿನ ಹತ್ತಿ ಕಿತ್ತು, ಕೆನ್ನೆ ಮುಟ್ಟಿ ನೋಡಿ, ಬಿಸಿ ಇದೆ ಎಂದು ಖಾತ್ರಿ ಮಾಡಿಕೊಂಡು, ಅದೇ ಕೆನ್ನೆಗೆ ಒಂದು ಬಾರಿಸಿದಳು. "ಬದ್ಕಿದೀಯೇನ್ಲಾ! ಬದ್ಕಿದೀಯೇನ್ಲಾ!" ಎಂದು ಇನ್ನೆರಡು ಬಾರಿಸಿದಳು. ಕಾಲ ಬಳಿಯಿಂದ ಹೆಂಡತಿಯೂ ಸೇರಿಕೊಂಡಳು. ಆ ಹೊತ್ತಿಗೆ ಬಾಗಿಲಿಗೆ ಬಂದ ಇಬ್ಬರು ಹುಡುಗಿಯರು, ಇಬ್ಬರು ಹೆಂಗಸರು ಸೇರಿ ಹೆಣಕ್ಕೆ ಹೊಡೆಯುವುದನ್ನು ನೋಡಿ, ಮಗಳು ಬಹಳ ಚೆನ್ನಾಗಿ ಏರ್ಪಾಟು ಮಾಡಿದ್ದಾಳೆ ಎಂದುಕೊಂಡರಂತೆ.

ಎಲ್ಲ ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ಅಕ್ಕ ಇಟ್ಟ ಪಾತ್ರೆ ಹಿಡಿ ಇರುವ ಒಂದು ತೂಕುಪಾತ್ರೆ, ಅದರ ತುಂಬ ಹಾಲು. ಪಕ್ಕದಲ್ಲಿ ಒಂದು ಸಣ್ಣ ಸೀಸೆ ತುಪ್ಪ. ಮಣ್ಣು ಮಾಡಿದ ಮೂರನೇ ದಿನ ಗುಂಡಿಯ ಮೇಲೆ ಹಾಲು-ತುಪ್ಪ ಬಿಡುವುದು ನಮ್ಮಲ್ಲಿ ರೂಢಿ. ಬಸ್ಸಿನ ಕಿಟಕಿಯಲ್ಲಿ ಕೂತ ಹೆಂಗಸಿಗೆ, ಎಂಜಿನ್ನಿನ ಸದ್ದಿನ ನಡುವೆ, ಬಿಳಿ ಬಟ್ಟೆ ಮತ್ತು ಪುರಿ ಹಿಡಿದು ನಿಂತ ಹುಡುಗಿಯ "ಹಾಲೋವೀನ್" ಕೇಳಿದ್ದು ಹಾಲು-ತುಪ್ಪ ಎಂದು. ಯಾರದು ಎಂದರೆ ಅಪ್ಪಂದು. ಅಪ್ಪ ಇನ್ನು ಬಾಯಿ ಬಿಡುವುದಿಲ್ಲ. ಇನ್ನೇನು ಅರ್ಥವಾಗಬೇಕು? ಹನೂರಿಗೆ ಅನೂರು, ಹಬ್ಬಕ್ಕೆ ಅಬ್ಬ ಎನ್ನುವ ಸೀಮೆಯಲ್ಲಿ ಮೂವತ್ತೈದು ವರ್ಷ ಹಕಾರಕ್ಕಾಗಿ ಹೊಡೆದಾಡಿ, ಸ್ವಂತ ಮಗಳಿಗಾದರೂ "ಹಾ" ಎಂದು ಸ್ಪಷ್ಟವಾಗಿ ನುಡಿಯಲು ಕಲಿಸಿದ್ದೆ. ಅದೇ ನನ್ನನ್ನು ಮಣ್ಣು ಮಾಡಿತ್ತು. ಅವಳು ಎಲ್ಲರಂತೆ "ಆಲೋವೀನ್" ಎಂದಿದ್ದರೆ ಆ ಹೆಂಗಸು ಆಲೂಗಡ್ಡೆ ಎಂದುಕೊಂಡು ಸುಮ್ಮನಿರುತ್ತಿದ್ದಳೇನೋ.

ಅಕ್ಕನಿಗೆ ಸುದ್ದಿ ಮುಟ್ಟಿದಾಗ ಶಾಗ್ಯದಿಂದ ಕಡೇ ಬಸ್ಸು ಹೋಗಿತ್ತಂತೆ. ಬಂಧುಗಳಿಗೆ ತಿಳಿಸದೆ ಮಣ್ಣು ಮಾಡಿದ್ದಾರೆ, ಅಷ್ಟು ಹಗೆ ತನ್ನ ಮೇಲೆ ಎಂದುಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದಳು. ಚೀಲದಲ್ಲಿ ಎಡೆಗೆಂದು ರಾಗಿ ರೊಟ್ಟಿ, ನನಗೆ ಪ್ರಾಣವಾದ ಹುಚ್ಚೆಳ್ಳು ಚಟ್ನಿ, ಮತ್ತು ಒಂದು ಕಟ್ಟು ಬೀಡಿ. ಬೀಡಿ ಬಿಟ್ಟು ಇಪ್ಪತ್ತು ವರ್ಷವಾಯಿತು. ಸೇದುತ್ತಿದ್ದೆ ಎಂಬುದೇ ಹೆಂಡತಿಗೆ ಅಂದು ತಿಳಿಯಿತು.

"ತಪ್ಪಾಯ್ತು ಅಕ್ಕ" ಎಂದೆ. ನಾಮಕರಣದ ಮಾತಿಗೆ, ಎರಡು ವರ್ಷ ತಡವಾಗಿ.

"ಬುಡು" ಎಂದಳು ಅಕ್ಕ.

ಮಗಳು ಗೋಡೆಯ ಮೇಲಿನ ಟೈಮ್‌ಟೇಬಲ್ಲಿಗೆ ಬೆರಳು ತೋರಿಸಿ, "ಅತ್ತೆ, ನಿಯಮ ನಿಯಮವೇ. ಕಿರುಚಿದವರು ಕಾಫಿ ಮಾಡಬೇಕು" ಎಂದಳು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು, ತಾನು ತಂದ ಹಾಲನ್ನೇ ಒಲೆಗಿಟ್ಟಳು. ಹೆಣಕ್ಕೆಂದು ತಂದ ಹಾಲು, ಬೇಡ ಎಂದು ಹೆಂಡತಿ ತಡೆಯಲು ಹೋದಳು. "ಇವನ್ಗೇ ಅಂತ ತಂದಿದ್ದು, ಇವ್ನೇ ಕುಡೀಲಿ" ಎಂದಳು ಅಕ್ಕ. ನನ್ನ ಗುಂಡಿಗೆ ಬಿಡಬೇಕಾಗಿದ್ದ ಹಾಲಿನ ಕಾಫಿಯನ್ನು ಎರಡು ಲೋಟ ಕುಡಿದೆ. ತುಪ್ಪವನ್ನು ರೊಟ್ಟಿಗೆ ಹಾಕಿಸಿಕೊಂಡೆ.

ಟೈಮ್‌ಟೇಬಲ್ ಕೆಟ್ಟುಹೋಗಿತ್ತು. ಇನ್ನು ಆರೂ ಸಿನಿಮಾಕ್ಕೆ ಹೊತ್ತು ಸಾಲದು ಎಂದು ಮಗಳು ಹೇಳಿದಾಗ, ಆರನೇ ಪೀರಿಯಡ್ಡನ್ನೇ ಮೊದಲು ತೆಗೆದುಕೊಳ್ಳೋಣ ಎಂದೆ. ಅಕ್ಕ ಆರನೇ ದಿಂಬಿನ ಮೇಲೆ ಕೂತಳು. ಟಿವಿಯಲ್ಲಿ ದೆವ್ವ ಎದ್ದುಬರುವ ಆ ಹಾಳು ಬಾವಿ ಕಂಡ ಕೂಡಲೇ, ನನ್ನ ಕಡೆ ತಿರುಗಿ ಕೂಡ ನೋಡದೆ, ಸೆರಗಿನ ತುದಿಯನ್ನು ನನ್ನ ತೊಡೆಯ ಮೇಲೆ ಹಾಕಿದಳು. ಹುಡುಗಿಯರು ನೋಡುತ್ತಿದ್ದರು. ಮುಖ ಮುಚ್ಚಿಕೊಂಡೆ. ವಿಡಿಯೋ ಆದಮೇಲೆ ಮುಚ್ಚಿಡಲು ಇನ್ನೇನಿತ್ತು?

ಸಂಜೆ ಹೆಂಡತಿ ದೀಪ ಹಚ್ಚುವ ಮೊದಲು ಅಕ್ಕ ಹೊರಟಳು. ಅರಿಶಿನ ಕುಂಕುಮ ತೆಗೆದುಕೊಂಡು, ಖಾಲಿ ತೂಕುಪಾತ್ರೆ ಹಿಡಿದು ಹೊಸಲಿನ ಮೇಲೆ ನಿಂತು ತಿರುಗಿ ನೋಡಿದಳು.

"ನೀನ್ ಸತ್ರೆ ಬರ್ಬೇಕಾಗಿತ್ತು, ಬಂದಾಯ್ತು. ಅಳ್ಬೇಕಾಗಿದ್ದೂ ಅತ್ತಾಯ್ತು" ಎಂದಳು. "ಇನ್ ನೀನು ಸಾಯೋ ಅಂಗಿಲ್ಲ ಕಣ್ಲಾ. ಇನ್ನೊಂದ್ ಕಿತ ಆಲು ತರಾಕಿಲ್ಲ ನಾನು."

ಆಗಲಿ ಅಕ್ಕ ಎಂದೆ. ಬಸ್ಸಿನ ತನಕ ಪಾತ್ರೆ ನಾನೇ ಹಿಡಿದುಕೊಂಡು ಹೋದೆ.